ಕಹ್ವಾದ ಋಣ

‘ವ್ಯಾಪಾರಂ ದ್ರೋಹಚಿಂತನಂ’ ಎಂಬ ಮಾತನ್ನು ನನ್ನ ತಂದೆಯವರು ವಾರಕ್ಕೊಂದು ಸಲವಾದರೂ ಹೇಳುತ್ತಿದ್ದರು. ಅಡಿಕೆ ಮಾರಿ ಬಂದ ದಿನವಂತೂ ಎರಡು ಸಲ. ವ್ಯಾಪಾರಿಯ ಬಾಯಲ್ಲಿ ಸಕ್ಕರೆ, ತಕ್ಕಡಿಯಲ್ಲಿ ಮೋಸ ಎಂಬುದು ಅವರ ಖಚಿತವಾದ ಅಭಿಪ್ರಾಯ. ಮಗಳ ಮದುವೆಗೆ ಸೀರೆ ತೆಗೆಯಲು ಹೋದ ನಮ್ಮಲ್ಲಿ ಯಾರಿಗೆ ತಾನೇ ಇದರ ಅನುಭವವಿಲ್ಲ? ‘ಬನ್ನಿ ಅಕ್ಕ, ಕೂತ್ಕೊಳ್ಳಿ, ಕಾಫಿ ತರಿಸಲಾ, ಜ್ಯೂಸ್ ತರಿಸಲಾ?’ ಎಂದು ಜವಳಿ ಅಂಗಡಿಯವರು ಉಪಚರಿಸುವಾಗ ಮನಸ್ಸಿಗೆ ಹಿತವೂ ಆಗುತ್ತದೆ, ಈ ಕಾಫಿಯ ದುಡ್ಡು ಸೀರೆಯ ಬೆಲೆಯಲ್ಲೇ ಸೇರಿರುತ್ತದೆ ಎಂಬ ಅನುಮಾನವೂ ಏಳುತ್ತದೆ. ಎರಡು ರವಿಕೆ ಕಣಕ್ಕೆಂದು ಹೋದ ದಿನ ಅದೇ ಅಂಗಡಿಯಲ್ಲಿ ನಮಗೆ ಯಾರೂ ಕುರ್ಚಿ ತೋರಿಸುವುದಿಲ್ಲ.

ಹಾಗಾದರೆ ವ್ಯವಹಾರದ ಜಾಗದಲ್ಲಿ ತೋರಿಸುವ ಉಪಚಾರವೆಲ್ಲ ಬರೀ ಸುಳ್ಳೇ? ಲಾಭದ ಆಸೆಯಿಂದ ಹುಟ್ಟಿದ ಮರ್ಯಾದೆಗೆ ಮರ್ಯಾದೆ ಎಂಬ ಹೆಸರು ಸಲ್ಲುತ್ತದೆಯೇ? ಈ ಪ್ರಶ್ನೆ ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ನಮ್ಮ ಊರಿನ ಜವಳಿ ಅಂಗಡಿಯಲ್ಲಲ್ಲ, ಒಮಾನ್ ದೇಶದ ಮಸ್ಕತ್ತಿನಲ್ಲಿ. ನನ್ನ ತಮ್ಮ ಅಲ್ಲಿ ಇಪ್ಪತ್ತು ವರ್ಷಗಳಿಂದ ಇದ್ದಾನೆ. ಪೈಪು, ನಲ್ಲಿ, ಸಿಂಕು ಮುಂತಾದ ಕಟ್ಟಡದ ಸಾಮಾನು ಮಾರುವ ಸಣ್ಣ ಅಂಗಡಿ. 2019ರ ದಸರಾ ರಜೆಯಲ್ಲಿ ಹದಿನೈದು ದಿನ ಅವನ ಮನೆಯಲ್ಲಿದ್ದೆ. ಆಗ ನೋಡಿದ್ದು, ಆಮೇಲೆ ಫೋನಿನಲ್ಲಿ ಕೇಳಿದ್ದು ಎಲ್ಲ ಸೇರಿ ನನ್ನ ಮನಸ್ಸಿನಲ್ಲಿ ಒಂದು ವಿಚಾರವಾಗಿ ಕೂತಿದೆ.

ಅರಬ್ಬರ ವ್ಯಾಪಾರದ ರೀತಿಯನ್ನು ಮೊದಲ ಸಲ ನೋಡುವವರಿಗೆ ಇವರು ವ್ಯಾಪಾರ ಮಾಡುವುದು ಯಾವಾಗ ಎಂದೇ ಅನ್ನಿಸುತ್ತದೆ. ಬಂದವನು ‘ಅಸ್ಸಲಾಮು ಅಲೈಕುಮ್’ ಎನ್ನಬೇಕು, ಕೂತವನು ‘ವ ಅಲೈಕುಮ್ ಅಸ್ಸಲಾಮ್’ ಎನ್ನಬೇಕು. ಆಮೇಲೆ ಆರೋಗ್ಯ ಹೇಗಿದೆ, ಮನೆಯವರು ಹೇಗಿದ್ದಾರೆ, ತಂದೆಯವರು ಹೇಗಿದ್ದಾರೆ, ಮಕ್ಕಳ ಓದು ಹೇಗಿದೆ ಎಂಬ ಪ್ರಶ್ನೆಗಳು. ಉತ್ತರ ಮುಗಿಯುವ ಹೊತ್ತಿಗೆ ಅದೇ ಪ್ರಶ್ನೆಗಳು ಈ ಕಡೆಯಿಂದ ಆ ಕಡೆಗೆ. ಮನೆಯವರು ಎಂದು ಒಟ್ಟಾಗಿ ಕೇಳಬಹುದೇ ಹೊರತು, ಒಬ್ಬ ಗಂಡಸು ಇನ್ನೊಬ್ಬನ ಹೆಂಡತಿಯ ಹೆಸರು ಹಿಡಿದು ವಿಚಾರಿಸುವುದು ಅಲ್ಲಿಯ ಹಳೆಯ ಮಂದಿಗೆ ಸರಿಕಾಣುವುದಿಲ್ಲ. ಹಿರಿಯರನ್ನು ಹೆಸರು ಹಿಡಿದು ಕರೆಯುವುದಕ್ಕಿಂತ ‘ಇಂಥವನ ತಂದೆ’ ಎಂಬರ್ಥದಲ್ಲಿ ‘ಅಬು’ ಎಂದೂ, ತಾಯಿಯನ್ನು ‘ಉಮ್ಮ್’ ಎಂದೂ ಮೊದಲ ಮಗನ ಹೆಸರು ಸೇರಿಸಿ ಕರೆಯುವುದು ಹೆಚ್ಚು ಗೌರವ. ನಮ್ಮ ಕಡೆಯ ಹೆಂಗಸರಿಗೆ ಇದೇನೂ ಹೊಸದಲ್ಲ. ಶಾಲೆಯ ಬಾಗಿಲಲ್ಲಿ ಮಗುವಿಗೆ ಕಾಯುವ ತಾಯಂದಿರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿರುತ್ತದೆ?

ಇಷ್ಟಾಗುವಾಗ ಕಹ್ವಾ ಬರುತ್ತದೆ. ಅದು ನಮ್ಮ ಕಾಫಿಯಲ್ಲ. ಬೀಜವನ್ನು ತಿಳಿಯಾಗಿ ಹುರಿದು, ಕುದಿಸಿ, ಏಲಕ್ಕಿ ಹಾಕಿದ, ಹಾಲೂ ಸಕ್ಕರೆಯೂ ಇಲ್ಲದ ಹೊಂಬಣ್ಣದ ಪಾನೀಯ. ಕೊಕ್ಕಿನಂಥ ಮೂತಿಯ ‘ದಲ್ಲಾ’ ಎಂಬ ಹೂಜಿಯನ್ನು ಎಡಗೈಯಲ್ಲಿ ಹಿಡಿದು, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಸುರಿದು, ಬಲಗೈಯಿಂದ ಕೊಡುತ್ತಾರೆ. ಬಲಗೈಯಿಂದಲೇ ತೆಗೆದುಕೊಳ್ಳಬೇಕು. ಬಟ್ಟಲು ತುಂಬಿಸಿ ಕೊಟ್ಟರೆ ‘ಬೇಗ ಕುಡಿದು ಎದ್ದು ಹೋಗು’ ಎಂದ ಹಾಗೆ. ಸ್ವಲ್ಪ ಸ್ವಲ್ಪವೇ ಸುರಿದು ಮತ್ತೆ ಮತ್ತೆ ಕೊಡುವುದೇ ಆದರ. ಸಾಕಾದಾಗ ಬಾಯಲ್ಲಿ ಬೇಡ ಎನ್ನುವುದಕ್ಕಿಲ್ಲ, ಬಟ್ಟಲನ್ನು ಎರಡು ಸಲ ಮೆಲ್ಲನೆ ಅಲ್ಲಾಡಿಸಿ ಹಿಂದೆ ಕೊಟ್ಟರೆ ಆಯಿತು. ಜೊತೆಗೆ ಖರ್ಜೂರ. ಈ ಕಾಫಿಯ ಸತ್ಕಾರವನ್ನೂ, ಜನ ಕೂತು ಮಾತನಾಡುವ ‘ಮಜ್ಲಿಸ್’ ಎಂಬ ಚಾವಡಿಯ ಪದ್ಧತಿಯನ್ನೂ 2015ರಲ್ಲಿ ಯುನೆಸ್ಕೋ ಸಂಸ್ಥೆ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಒಮಾನ್, ಸೌದಿ ಅರೇಬಿಯಾ, ಕತಾರ್ ಮತ್ತು ಸಂಯುಕ್ತ ಅರಬ್ ಸಂಸ್ಥಾನಗಳು ಒಟ್ಟಾಗಿ ಅದಕ್ಕೆ ಅರ್ಜಿ ಹಾಕಿದ್ದವು.

ಇಷ್ಟೆಲ್ಲ ಮುಗಿದ ಮೇಲೆ, ಯಜಮಾನನೇ ಮಾತು ತೆಗೆದರೆ, ವ್ಯಾಪಾರದ ವಿಷಯ. ಅದಕ್ಕೆ ಮೊದಲೇ ಚೀಲದಿಂದ ಕಾಗದಪತ್ರ ತೆಗೆದವನು ಅವಸರದ ಮನುಷ್ಯ, ಅಂದರೆ ನಂಬಿಕೆಗೆ ಅರ್ಹನಲ್ಲದವನು. ತಮ್ಮನಿಗೆ ಪರಿಚಯದ ಒಬ್ಬ ತರುಣ ಮ್ಯಾನೇಜರ್ ಬೆಂಗಳೂರಿನಲ್ಲಿ ಎಂ.ಬಿ.ಎ. ಮಾಡಿ ಹೋಗಿದ್ದನಂತೆ. ಕಹ್ವಾ ಬರುವ ಮೊದಲೇ ದರಪಟ್ಟಿಯನ್ನು ಮೇಜಿನ ಮೇಲೆ ಹರಡಿದ. ಯಜಮಾನರು ಅದನ್ನು ನೋಡಲೂ ಇಲ್ಲ, ಬೇಡವೆನ್ನಲೂ ಇಲ್ಲ. ಅವನ ತಾಯಿಯ ಆರೋಗ್ಯ ವಿಚಾರಿಸಿದರು, ಕಹ್ವಾ ಕುಡಿಸಿದರು, ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಆ ಆರ್ಡರ್ ಕೊನೆಗೂ ಅವನಿಗೆ ಸಿಗಲಿಲ್ಲ.

ತಮ್ಮನ ಹೆಂಡತಿಗೆ ಇದೆಲ್ಲ ಶುದ್ಧ ಕಾಲಹರಣ. ಅಂಗಡಿಯ ಲೆಕ್ಕ ಬರೆಯುವವಳು ಅವಳೇ. ‘ಅತ್ತಿಗೆ, ಇವರು ನಿಜ್ವಾದ ಯಜಮಾನರ ಹತ್ತಿರ ಹೋದರೆ ಅರ್ಧ ದಿನ ಹೋಯಿತು. ಕಹ್ವಾ ಕುಡಿದು ಬರುತ್ತಾರೆ, ಚೆಕ್ ತರುವುದಿಲ್ಲ. ಕಹ್ವಾ ಕುಡಿಸಿದರೆ ಮಕ್ಕಳ ಶಾಲೆಯ ಫೀಸು ಕಟ್ಟಿದ ಹಾಗಾಗುತ್ತದಾ?’ ಎಂದು ಅವಳ ವಾದ. ತಮ್ಮ ನಗುತ್ತಿದ್ದ. ‘ಅಕ್ಕ, ಇಲ್ಲಿ ಸಾಮಾನು ಮಾರುವುದು ಆಮೇಲೆ. ಮೊದಲು ನಾನು ಎಂಥವನು ಎಂದು ಅವರು ನೋಡಬೇಕು, ಅವರು ಎಂಥವರು ಎಂದು ನಾನು ನೋಡಬೇಕು’ ಎನ್ನುತ್ತಿದ್ದ. ಇಬ್ಬರ ಮಾತಿನಲ್ಲೂ ನನಗೆ ನ್ಯಾಯ ಕಾಣುತ್ತಿತ್ತು.

ಈ ಪದ್ಧತಿ ಹುಟ್ಟಿದ್ದಾದರೂ ಹೇಗೆ ಎಂದು ಯೋಚಿಸಿದರೆ ಅದರ ಹಿಂದಿನ ಅಗತ್ಯ ಅರ್ಥವಾಗುತ್ತದೆ. ಮರುಭೂಮಿಯಲ್ಲಿ ದಾರಿಹೋಕನಿಗೆ ನೀರೂ ನೆರಳೂ ಕೊಡದಿದ್ದರೆ ಅವನು ಸಾಯುತ್ತಾನೆ. ನಾಳೆ ತಾನೂ ಹಾಗೆಯೇ ಇನ್ನೊಬ್ಬನ ಬಿಡಾರದ ಮುಂದೆ ನಿಲ್ಲಬೇಕಾದೀತು. ಸರಕು ಹೊತ್ತ ಹಡಗು ಮಳೆಗಾಲದ ಗಾಳಿ ಹಿಡಿದು ಹೋದರೆ ತಿರುಗಿ ಬರುವುದು ತಿಂಗಳುಗಳ ಮೇಲೆ. ಸಮುದ್ರದ ಆಚೆ ಮೋಸವಾದರೆ ಯಾವ ಕೋರ್ಟಿಗೆ ಹೋಗುವುದು? ಆಗ ಇದ್ದ ಜಾಮೀನು ಎಂದರೆ ಮನುಷ್ಯನೊಬ್ಬನೇ. ಆ ಮನುಷ್ಯ ಎಂಥವನು ಎಂದು ತಿಳಿಯಲು ಕೂತು ಮಾತನಾಡದೆ ಬೇರೆ ದಾರಿಯಿರಲಿಲ್ಲ.

ನಮ್ಮ ಕರಾವಳಿಗೂ ಈ ವ್ಯವಹಾರಕ್ಕೂ ಇರುವ ನಂಟು ಬಹಳ ಹಳೆಯದು. 12ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿದ್ದ. ಏಡನ್ ಬಂದರಿನ ಅವನ ಸ್ನೇಹಿತರು ಅರಬ್ಬಿ ಭಾಷೆಯನ್ನು ಹೀಬ್ರೂ ಲಿಪಿಯಲ್ಲಿ ಬರೆದ ಓಲೆಗಳು ಕೈರೋದ ಒಂದು ಹಳೆಯ ಯೆಹೂದಿ ಮಂದಿರದ ಕಾಗದದ ರಾಶಿಯಲ್ಲಿ ಸಿಕ್ಕಿದವು. ಅಮಿತಾವ್ ಘೋಷ್ ಅವರು 1992ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಇಲ್ಲಿಂದ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಹೋಗುತ್ತಿತ್ತು. ಅಲ್ಲಿಂದ ಲೆಕ್ಕಪತ್ರದ ಜೊತೆಗೆ ಅವನ ಮನೆಗೆಂದು ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಉಡುಗೊರೆಯಾಗಿ ಬರುತ್ತಿತ್ತು. ಕಳಿಸಿದ್ದು ಏನೇನೂ ಬೆಲೆಯಿಲ್ಲದ ವಸ್ತು ಎಂದು ವಿನಯದ ಮಾತು ಸೇರಿಸುವುದು ಆ ಓಲೆಗಳ ವಾಡಿಕೆ. ಒಬ್ಬರ ಸರಕನ್ನು ಇನ್ನೊಬ್ಬರು ಸಂಬಳವಿಲ್ಲದೆ ಮಾರಿಕೊಡುತ್ತಿದ್ದರು. ಇವತ್ತು ನೀನು ನನಗೆ, ನಾಳೆ ನಾನು ನಿನಗೆ. ಉಪಚಾರವೇ ಅಲ್ಲಿ ಕರಾರುಪತ್ರ.

ನಂಟು ಅಲ್ಲಿಗೇ ನಿಂತಿಲ್ಲ. ಮಂಗಳೂರಿನ ಅಕ್ಕಿ ಮಸ್ಕತ್ತಿಗೆ ಹೋಗುತ್ತಿತ್ತು. 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ವ್ಯಾಪಾರದ ಕೋಠಿಯೇ ಅಲ್ಲಿತ್ತು. 1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಕೊಲ್ಲಿ ನಾಡುಗಳ ಬಳಕೆಗೆಂದೇ ಬೇರೆ ರೂಪಾಯಿ ನೋಟುಗಳನ್ನು ಹೊರಡಿಸಿತ್ತು, ಒಮಾನಿನಲ್ಲಿ 1970ರವರೆಗೂ ರೂಪಾಯಿ ನಡೆಯುತ್ತಿತ್ತು. ಈಗಲೂ ಅಲ್ಲಿಯ ಒಂದು ರಿಯಾಲಿಗೆ ಸಾವಿರ ‘ಬೈಸಾ’. ನಮ್ಮ ಪೈಸೆಯೇ ಅದು!

ನಿಜ್ವಾದ ಆ ಯಜಮಾನರ ಮನೆಗೆ ನನ್ನನ್ನೂ ಕರೆದುಕೊಂಡು ಹೋದರು. ನಮಸ್ಕಾರ ಮಾಡಿದಾಗ ಅವರು ಕೈ ಚಾಚಲಿಲ್ಲ. ಬಲಗೈಯನ್ನು ಎದೆಯ ಮೇಲಿಟ್ಟು ತಲೆಬಾಗಿದರು. ಹೆಂಗಸು ತಾನಾಗಿ ಕೈ ನೀಡಿದ ಹೊರತು ಗಂಡಸು ಕೈ ಚಾಚದಿರುವುದು ಅಲ್ಲಿಯ ಮರ್ಯಾದೆ. ಹೆಂಗಸರ ಕೋಣೆಯಲ್ಲಿ ಅವರ ಪತ್ನಿ ನಮ್ಮನ್ನು ಬಳಿಯಲ್ಲಿ ಕೂರಿಸಿಕೊಂಡರು. ಮೊದಲು ಖರ್ಜೂರ ಮತ್ತು ಹಲ್ವಾ. ತುಪ್ಪ, ಸಕ್ಕರೆ, ಗಂಜಿಹಿಟ್ಟು, ಕೇಸರಿ, ಗುಲಾಬಿ ನೀರು ಹಾಕಿ ಕಾಯಿಸಿದ ಆ ಹಲ್ವಾವನ್ನು ಬಲಗೈಯ ಬೆರಳಲ್ಲೇ ತೆಗೆದು ತಿನ್ನಬೇಕು. ಬೆರಳದ್ದಲು ಒಂದು ಬಟ್ಟಲು ನೀರು. ಆಮೇಲೆ ಕಹ್ವಾ. ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ನಾವು ಮಕ್ಕಳ ಮದುವೆ, ಮಂಡಿನೋವು ಎಲ್ಲ ಮಾತನಾಡಿದೆವು. ಇಬ್ರಾ ಎಂಬ ಊರಿನಲ್ಲಿ ಬುಧವಾರ ಹೆಂಗಸರದೇ ಸಂತೆ ನಡೆಯುತ್ತದೆ, ತಾವೂ ಅಲ್ಲಿ ಬಟ್ಟೆ ಮಾರುತ್ತಿದ್ದೆ ಎಂದು ಆಕೆ ಹೆಮ್ಮೆಯಿಂದ ಹೇಳಿದರು. ಪ್ರವಾದಿ ಮುಹಮ್ಮದರ ಮೊದಲ ಪತ್ನಿ ಖದೀಜಾ ಅವರೂ ವ್ಯಾಪಾರಿಯೇ ಆಗಿದ್ದರೆಂಬುದನ್ನು ಆ ಮಾತಿನ ನಡುವೆ ನೆನಪಿಸಲು ಮರೆಯಲಿಲ್ಲ.

ಕೊನೆಗೆ ಧೂಪದ ಪಾತ್ರೆ ಬಂತು. ಹೊಗೆಯನ್ನು ಸೆರಗಿಗೆ, ಕೂದಲಿಗೆ ಹಿಡಿದುಕೊಂಡೆವು. ತಮ್ಮನ ಹೆಂಡತಿ ನನ್ನ ಕೈ ಒತ್ತಿ, ‘ಏಳಿ ಅತ್ತಿಗೆ’ ಎಂದಳು. ಧೂಪ ಬಂದ ಮೇಲೆ ಕೂರುವುದಕ್ಕಿಲ್ಲ ಎಂದು ಅರಬ್ಬಿಯಲ್ಲಿ ಗಾದೆಯೇ ಇದೆಯಂತೆ. ನಮ್ಮಲ್ಲಿ ಅರಿಸಿನ ಕುಂಕುಮ ಕೊಟ್ಟ ಮೇಲೆ ಏಳುವುದಿಲ್ಲವೇ, ಹಾಗೆ. ‘ಇನ್ನು ಹೊರಡಿ’ ಎಂಬ ಒರಟು ಮಾತನ್ನು ಪರಿಮಳದಲ್ಲಿ ಸುತ್ತಿ ಕೊಡುವ ಜಾಣ್ಮೆ ಹೆಂಗಸರದೇ ಇರಬೇಕು ಎಂದು ನನಗೆ ಅನ್ನಿಸಿತು.

ಇಲ್ಲೇ ನನ್ನ ಪ್ರಶ್ನೆಯ ಮೊದಲ ಗಂಟು ಸಡಿಲವಾದದ್ದು. ಮನಸ್ಸಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಹೇಳದೆ ಇರುವುದೆಲ್ಲ ಸುಳ್ಳೇ? ಮನೆಯಿಂದ ಹೊರಡುವಾಗ ನಾವು ‘ಹೋಗ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರ್ತೇನೆ’ ಎನ್ನುತ್ತೇವೆ. ಸಾವಿನ ಮನೆಯಲ್ಲಿ ಮಾತ್ರ ಅದನ್ನೂ ಹೇಳದೆ ಎದ್ದು ಬರುತ್ತೇವೆ. ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುತ್ತೇವೆ. ಇದನ್ನು ಸುಳ್ಳು ಎಂದವರುಂಟೇ? ಹೇಳುವವರಿಗೂ ಕೇಳುವವರಿಗೂ ಅರ್ಥ ಒಂದೇ ಆಗಿದ್ದರೆ ಅದು ಸುಳ್ಳಲ್ಲ, ಇಬ್ಬರೂ ಒಪ್ಪಿದ ಒಂದು ಭಾಷೆ. ಅರಬ್ಬರು ಮುಖಕ್ಕೆ ಹೊಡೆದ ಹಾಗೆ ‘ಇಲ್ಲ’ ಎನ್ನುವುದು ಕಡಿಮೆ. ‘ಇನ್‌ಶಾ ಅಲ್ಲಾ’ ಎನ್ನುತ್ತಾರೆ, ದೇವರು ಬಯಸಿದರೆ ಎಂದು. ನಾಳೆ ಇದನ್ನು ಮಾಡುತ್ತೇನೆ ಎಂದು ದೇವರ ಇಚ್ಛೆಯನ್ನು ನೆನೆಯದೆ ಹೇಳಬಾರದು ಎಂಬುದು ಕುರ್‌ಆನಿನ ಉಪದೇಶ. ನಾಳೆ ನಮ್ಮ ಕೈಯಲ್ಲಿಲ್ಲ ಎಂಬ ವಿನಯ ಅದರ ಹಿಂದೆ ಇದೆ.

ಆದರೆ ಅದೇ ಮಾತನ್ನು ತಪ್ಪಿಸಿಕೊಳ್ಳುವುದಕ್ಕೂ ಬಳಸಬಹುದಲ್ಲ? ನಮ್ಮ ‘ನೋಡೋಣ’ ಎಂಬ ಮಾತಿನ ಹಾಗೆ. ವಿನಯಕ್ಕೆ ಹುಟ್ಟಿದ ಮಾತು ವಂಚನೆಗೆ ಮರೆಯಾದರೆ ಗುರುತಿಸುವುದು ಹೇಗೆ? ಈ ಎರಡನೆಯ ಗಂಟು ಬಿಡಿಸಲು 2020ರ ಕೊರೋನಾ ಬರಬೇಕಾಯಿತು.

ಆ ವರ್ಷ ತಮ್ಮನ ಅಂಗಡಿ ತಿಂಗಳುಗಟ್ಟಲೆ ಮುಚ್ಚಿತು. ಬಾಡಿಗೆ ಕೊಡಬೇಕು, ಸಾಮಾನು ಕೊಟ್ಟವರಿಗೆ ಹಣ ಕಟ್ಟಬೇಕು, ಬರಬೇಕಾದದ್ದು ಮಾತ್ರ ಬರುತ್ತಿಲ್ಲ. ಮುಖ್ಯವಾಗಿ ಇಬ್ಬರ ಬಾಕಿ. ನಿಜ್ವಾದ ಯಜಮಾನರಿಂದ 1,400 ರಿಯಾಲ್, ನಮ್ಮ ಲೆಕ್ಕದಲ್ಲಿ ಎರಡೂವರೆ ಲಕ್ಷ ರೂಪಾಯಿಗೂ ಮೇಲೆ. ಇದಕ್ಕೆ ಯಜಮಾನರ ಸಹಿಯಿದ್ದ ಒಂದು ಚೀಟಿಯೂ ಇರಲಿಲ್ಲ. ಅವರ ಚಾವಡಿಯಲ್ಲಿ ಕೂತು ಸಹಿ ಕೇಳುವುದು ಅವಮಾನ ಮಾಡಿದ ಹಾಗೆ ಎಂದು ತಮ್ಮ ಸುಮ್ಮನಿದ್ದ. ಇನ್ನೊಂದು, ಮಸ್ಕತ್ತಿನ ಒಂದು ಗುತ್ತಿಗೆ ಕಂಪನಿಯಿಂದ 900 ರಿಯಾಲ್. ಅದನ್ನು ನಡೆಸುತ್ತಿದ್ದವರು ಅರಬ್ಬರಲ್ಲ, ನಮ್ಮ ದೇಶದವರೇ. ಆದರೆ ಅಲ್ಲಿಯ ರೀತಿರಿವಾಜನ್ನೆಲ್ಲ ಅರೆದು ಕುಡಿದವರು. ಅವರ ಆಫೀಸಿನ ಕಹ್ವಾ ಊರಿಗೇ ಹೆಸರುವಾಸಿ. ಮಾತು ಮಾತಿಗೆ ಇನ್‌ಶಾ ಅಲ್ಲಾ. ಅಲ್ಲಿ ಮಾತ್ರ ಮುಂದಿನ ದಿನಾಂಕದ ಚೆಕ್ಕು, ಸಹಿ, ಮೊಹರು ಎಲ್ಲವೂ ಇತ್ತು.

2021ರಲ್ಲಿ ನಿಜ್ವಾದ ಯಜಮಾನರು ತೀರಿಕೊಂಡರು. ಸುದ್ದಿ ಕೇಳಿ ತಮ್ಮ ಅತ್ತ. ಅವನ ಹೆಂಡತಿಯೂ ಅತ್ತಳು. ‘ಅವರಿಗಾಗಿ ಎಷ್ಟು ಅತ್ತೆನೋ ದುಡ್ಡಿಗಾಗಿ ಎಷ್ಟು ಅತ್ತೆನೋ ನನಗೇ ಗೊತ್ತಿಲ್ಲ ಅತ್ತಿಗೆ’ ಎಂದು ಆಮೇಲೆ ಫೋನಿನಲ್ಲಿ ಹೇಳಿದಳು. ಎರಡು ತಿಂಗಳ ನಂತರ ಅವರ ಇಬ್ಬರು ಗಂಡುಮಕ್ಕಳು ಅಂಗಡಿಗೆ ಬಂದರು. ಎಷ್ಟೇ ದುಃಖವಿರಲಿ, ಸಲಾಮು, ಮನೆಯವರ ಕ್ಷೇಮ ಎಲ್ಲ ಮೊದಲು ಆಯಿತು. ಆಮೇಲೆ ಹಿರಿಯವನು, ‘ತಂದೆಯವರ ಆಸ್ತಿ ಪಾಲು ಮಾಡುವ ಮೊದಲು ಅವರ ಸಾಲ ತೀರಿಸಬೇಕು. ನಿಮಗೆ ಎಷ್ಟು ಬರಬೇಕು?’ ಎಂದು ಕೇಳಿದ. ಸತ್ತವನ ಸಾಲ ತೀರಿಸಿದ ಮೇಲೆಯೇ ಪಾಲು ಎಂಬುದು ಅವರ ಧರ್ಮದ ಕಟ್ಟಳೆ. ತಮ್ಮ ಅಂಕಿ ಹೇಳಿದ. ಅವನ ಹೆಂಡತಿ ಲೆಕ್ಕದ ಪುಸ್ತಕ ತಂದು ತೆರೆದರೆ ಅವರು ಅದರ ಕಡೆ ನೋಡಲಿಲ್ಲ. ಮರುವಾರ ಹಣ ಬಂತು.

ಗುತ್ತಿಗೆ ಕಂಪನಿಯ ಚೆಕ್ಕು ಬ್ಯಾಂಕಿನಿಂದ ಹಿಂದೆ ಬಂತು. ಫೋನ್ ಮಾಡಿದರೆ ‘ಇನ್‌ಶಾ ಅಲ್ಲಾ, ಮುಂದಿನ ವಾರ’. ಒಂದು ದಿನ ಫೋನೂ ಹೋಗಲಿಲ್ಲ. ಅವರು ದೇಶ ಬಿಟ್ಟಿದ್ದರು. ಆ ಆಫೀಸಿನಲ್ಲಿ ಕಹ್ವಾ ಕೊಡುತ್ತಿದ್ದ ಹುಡುಗ ನಮ್ಮ ಬೈಂದೂರಿನ ಕಡೆಯವನು. ನಾಲ್ಕು ತಿಂಗಳಿಂದ ಅವನಿಗೆ ಸಂಬಳವೇ ಆಗಿರಲಿಲ್ಲ ಎಂಬುದು ಆಗ ತಿಳಿಯಿತು. ಎದೆಯ ಮೇಲೆ ಕೈಯಿಟ್ಟು ಬಂದವರನ್ನೆಲ್ಲ ಸ್ವಾಗತಿಸುತ್ತಿದ್ದ ಯಜಮಾನರು, ಬಟ್ಟಲು ಹಿಡಿದು ನಿಂತವನ ಮನೆಯಲ್ಲಿ ಒಲೆ ಉರಿಯುತ್ತಿದೆಯೇ ಎಂದು ಒಂದು ದಿನವೂ ಕೇಳಿರಲಿಲ್ಲ. ತಮ್ಮ ಅವನನ್ನು ಮನೆಯಲ್ಲಿ ಎರಡು ತಿಂಗಳು ಇಟ್ಟುಕೊಂಡು, ಊರಿಗೆ ಟಿಕೆಟ್ ಮಾಡಿಸಿ ಕಳಿಸಿದ.

ಇದನ್ನು ಕೇಳಿ ಅರಬ್ಬರೆಲ್ಲ ಸತ್ಯವಂತರು, ನಮ್ಮವರೆಲ್ಲ ಮೋಸಗಾರರು ಎಂದು ಯಾರೂ ತಿಳಿಯಬಾರದು. ಕೊಲ್ಲಿ ನಾಡಿಗೆ ಮನೆಗೆಲಸಕ್ಕೆ ಹೋಗಿ, ಪಾಸ್‌ಪೋರ್ಟನ್ನು ಯಜಮಾನರ ಕೈಗೆ ಕೊಟ್ಟು, ಹಗಲು ರಾತ್ರಿ ದುಡಿದು ಬರಿಗೈಯಲ್ಲಿ ತಿರುಗಿ ಬಂದ ಹೆಂಗಸರೂ ಇದ್ದಾರೆ. ಆ ಮನೆಗಳ ಚಾವಡಿಯಲ್ಲೂ ಕಹ್ವಾ ಸುರಿಯುತ್ತಲೇ ಇರುತ್ತದೆ. ಒಳ್ಳೆಯ ರೀತಿರಿವಾಜನ್ನು ಯಾರು ಬೇಕಾದರೂ ಕಲಿಯಬಹುದು; ಒಳ್ಳೆಯತನ ಅದರ ಜೊತೆಗೆ ತಾನಾಗಿ ಬರುವುದಿಲ್ಲ.

ಹಾಗಿದ್ದರೆ ಉಪಚಾರಕ್ಕೆ ಏನು ಬೆಲೆ? ಜೋರ್ಡಾನ್ ಕಡೆಯ ಅರಬ್ಬರಲ್ಲಿ ಒಂದು ಪದ್ಧತಿಯಿದೆ. ಹೆಣ್ಣು ಕೇಳಲು ಬಂದ ಹಿರಿಯರ ಮುಂದೆ ಕಾಫಿ ಇಟ್ಟರೆ ಅವರು ಕೂಡಲೇ ಕುಡಿಯುವುದಿಲ್ಲ. ಬಂದ ಕೋರಿಕೆಯನ್ನು ಹೇಳಿ, ಮನೆಯವರು ಒಪ್ಪಿದ ಮೇಲೆಯೇ ಬಟ್ಟಲು ಎತ್ತುವುದು. ಕುಡಿಯದೆ ಬಿಟ್ಟ ಕಾಫಿ ಮನೆಯವರಿಗೆ ಭಾರ. ನನಗೆ ಇದರಲ್ಲೇ ಉತ್ತರ ಇದೆ ಅನ್ನಿಸುತ್ತದೆ. ಉಪಚಾರವೆಂದರೆ ಕೊಟ್ಟು ಮುಗಿಸುವ ದಾನವಲ್ಲ, ಅದು ತಲೆಯ ಮೇಲೆ ತಂದುಕೊಳ್ಳುವ ಸಾಲ. ಉಂಡವನಿಗೆ ಉಪ್ಪಿನ ಋಣ ಎಂದು ನಾವು ಹೇಳುತ್ತೇವೆ. ಉಣಿಸಿದವನಿಗೂ ಋಣವಿದೆ. ಒಬ್ಬನಿಗೆ ನನ್ನ ಮನೆಯ ಬೆಲ್ಲ ನೀರು ಕೊಟ್ಟೆನೆಂದರೆ, ನಿನ್ನನ್ನು ಬರೀ ಗಿರಾಕಿಯೆಂದು ನೋಡುವುದಿಲ್ಲ, ಮನುಷ್ಯನೆಂದು ನೋಡುತ್ತೇನೆ ಎಂದು ಮಾತು ಕೊಟ್ಟ ಹಾಗೆ. ನಿಜ್ವಾದ ಯಜಮಾನರು ಆ ಮಾತನ್ನು ಎಷ್ಟು ನಂಬಿದ್ದರೆಂದರೆ ಅವರ ಮಕ್ಕಳಿಗೂ ಅದು ಗೊತ್ತಿತ್ತು. ಇನ್ನೊಬ್ಬರು ಅದೇ ಮಾತನ್ನು ದಿನಕ್ಕೆ ಹತ್ತು ಸಲ ಕೊಟ್ಟು ಒಮ್ಮೆಯೂ ತೀರಿಸಲಿಲ್ಲ. ಕಹ್ವಾ ಸುಳ್ಳಾಗಿರಲಿಲ್ಲ, ತೀರಿಸದೆ ಬಿಟ್ಟದ್ದರಿಂದ ಸುಳ್ಳಾಯಿತು.

ತೀರಿಸುವವನನ್ನು ಮೊದಲೇ ಗುರುತಿಸಲು ಏನಾದರೂ ಉಪಾಯವಿದೆಯೇ? ಪೂರ್ತಿ ಇಲ್ಲ. ಆದರೆ ಕಹ್ವಾ ಕುಡಿಯುವವನನ್ನು ಬಿಟ್ಟು ಅದನ್ನು ಹಿಡಿದು ನಿಂತವನ ಮುಖವನ್ನು ಒಮ್ಮೆ ನೋಡಬಹುದು. ಲಾಭ ತರದವರ ಮುಂದೆ ನಮ್ಮ ನಡತೆ ಹೇಗೋ ನಮ್ಮ ನಿಜವಾದ ಉಪಚಾರ ಅಷ್ಟೇ. ಸೀರೆ ಅಂಗಡಿಯವರನ್ನು ಟೀಕಿಸುವ ನಾವು, ನೂರು ಸೀರೆ ಬಿಡಿಸಿ ಮತ್ತೆ ಮಡಿಸುವ ಹುಡುಗಿಗೆ ಒಂದು ಲೋಟ ನೀರು ಬೇಕೇ ಎಂದು ಕೇಳಿದ್ದೇವೆಯೇ?

ಇನ್ನು ಕಾಗದದ ವಿಷಯ. ಬರೆಸಿಕೊಳ್ಳುವುದು ಅವಮಾನ ಎಂಬ ತಮ್ಮನ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಕುರ್‌ಆನಿನ ಅತ್ಯಂತ ಉದ್ದವಾದ ವಚನ ಯಾವುದು ಎಂದು ಕೇಳಿದರೆ ಪ್ರಾರ್ಥನೆಯದ್ದೋ ಸ್ವರ್ಗದ್ದೋ ಇರಬೇಕು ಎಂದುಕೊಳ್ಳುತ್ತೇವೆ. ಅದು ಸಾಲದ ಬಗ್ಗೆ! ಅವಧಿ ಗೊತ್ತುಮಾಡಿ ಸಾಲ ಕೊಟ್ಟರೆ ಬರೆದಿಡಿ, ಸಾಕ್ಷಿಗಳನ್ನು ಇಡಿ, ಚಿಕ್ಕದಾಗಲಿ ದೊಡ್ಡದಾಗಲಿ ಬರೆಯಲು ಬೇಸರಪಡಬೇಡಿ ಎಂದು ಎರಡನೆಯ ಅಧ್ಯಾಯದ 282ನೆಯ ವಚನ ವಿವರವಾಗಿ ಹೇಳುತ್ತದೆ. ಮನುಷ್ಯ ಸಾಯುತ್ತಾನೆ, ಮರೆಯುತ್ತಾನೆ. ಆದ್ದರಿಂದ ಬರೆದಿಡುವುದು ಅನುಮಾನವಲ್ಲ, ಒಬ್ಬರನ್ನೊಬ್ಬರು ಕಾಪಾಡಿಕೊಳ್ಳುವ ದಾರಿ. ಯಜಮಾನರ ಮಕ್ಕಳು ಬೇರೆ ರೀತಿಯವರಾಗಿದ್ದರೆ ತಮ್ಮನ ಗತಿಯೇನು? ಕಾಗದ ಇದ್ದೂ 900 ರಿಯಾಲ್ ಹೋಯಿತಲ್ಲ ಎನ್ನಬಹುದು. ನಿಜ. ಕಾಗದವೊಂದೇ ಸಾಲದು, ಕಹ್ವಾವೊಂದೇ ಸಾಲದು.

ಇದನ್ನು ನನಗಿಂತ ಮೊದಲು ಕಂಡುಕೊಂಡವಳು ತಮ್ಮನ ಹೆಂಡತಿ. ಈಗ ಅವರ ಅಂಗಡಿಯಲ್ಲಿ ಕಹ್ವಾದ ಫ್ಲಾಸ್ಕೂ ಖರ್ಜೂರದ ತಟ್ಟೆಯೂ ಇದೆ, ಪಕ್ಕದಲ್ಲೇ ರಸೀದಿ ಪುಸ್ತಕವೂ ಇದೆ. ಬಂದವರು ಸಿಮೆಂಟಿನ ಧೂಳು ಮೆತ್ತಿಕೊಂಡ ಪ್ಲಂಬರ್ ಆದರೂ ಸರಿ, ಮೊದಲು ಬಟ್ಟಲು ಕೊಡುತ್ತಾಳೆ, ಊರು ಮನೆ ವಿಚಾರಿಸುತ್ತಾಳೆ. ಆಮೇಲೆ ಪುಸ್ತಕ ಮುಂದಿಟ್ಟು, ‘ಇಲ್ಲಿ ಒಂದು ಸಹಿ ಹಾಕಿ ಅಣ್ಣಾ’ ಎನ್ನುತ್ತಾಳೆ. ಬೇಸರಪಟ್ಟುಕೊಂಡು ಎದ್ದು ಹೋದವರು ಇದುವರೆಗೆ ಒಬ್ಬರೂ ಇಲ್ಲವಂತೆ.